ಕುಂಡದ ಲ್ಯಾವೆಂಡರಿಗೆ ಮಳೆಗಾಲ ದಾಟಿಸುವುದು ಹೇಗೆ?

ಲ್ಯಾವೆಂಡರಿನ ನಾಜೂಕು ತಳಿಗಳನ್ನು ಯುರೋಪಿನ ಚಳಿನಾಡುಗಳಲ್ಲಿ ಹಿಮಕ್ಕೆ ಹೆದರಿ ಚಳಿಗಾಲವಿಡೀ ಮನೆಯೊಳಗೆ ಇಡುತ್ತಾರೆ. ತೀರ್ಥಹಳ್ಳಿ, ಹೊಸನಗರದ ಚಳಿ ಈ ಗಿಡಕ್ಕೆ ಸುಖವೇ. ಇಲ್ಲಿ ಅದನ್ನು ಕೊಲ್ಲುವುದು ಮಳೆ. ಮೆಡಿಟರೇನಿಯನ್ ತೀರದ ಒಣ ಕಲ್ಲುಗುಡ್ಡಗಳ ಗಿಡವನ್ನು ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಬಯಲಿಗಿಟ್ಟರೆ ಬೇರು ಕೊಳೆಯದೆ ಇನ್ನೇನಾದೀತು? ಶಿವಮೊಗ್ಗ ಪೇಟೆಯ ತಾರಸಿಯವರಿಗೆ ಈ ಕಷ್ಟ ಕಡಿಮೆ.

ಕೊಳ್ಳುವಾಗ ಎಲೆಯ ಅಂಚು ನೋಡಿ. ಗರಗಸದಂತೆ ಹಲ್ಲುಹಲ್ಲಾಗಿದ್ದರೆ ಅದು ಡೆಂಟಾಟಾ. ನಮ್ಮ ಹವೆಗೆ ಅದೇ ಸರಿ. ಇಂಗ್ಲಿಷ್ ಲ್ಯಾವೆಂಡರಿಗೆ ಚೆನ್ನಾಗಿ ಹೂ ಬಿಡಲು ಗಟ್ಟಿ ಚಳಿ ಬೇಕು.

ಹತ್ತು ಹನ್ನೆರಡು ಇಂಚಿನ ಮಣ್ಣಿನ ಕುಂಡ ಸಾಕು, ತಳದ ತೂತು ದೊಡ್ಡದಿರಲಿ. ಅರ್ಧದಷ್ಟು ದಪ್ಪ ಮರಳು ಅಥವಾ ಸಣ್ಣ ಜಲ್ಲಿ, ಉಳಿದದ್ದು ಮಣ್ಣು, ಒಂದು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ. ಅಡಿಕೆ ಮರಕ್ಕೆ ತೋರಿಸುವ ಔದಾರ್ಯ ಇಲ್ಲಿ ಬೇಡ. ನಮ್ಮ ಕೆಂಪು ಮಣ್ಣು ಹುಳಿ. ಒಂದು ಚಮಚ ಕೃಷಿ ಸುಣ್ಣ ಬೆರೆಸಿ. ಎಲೆಯಡಿಕೆ ತಟ್ಟೆಯ ಸುಣ್ಣಕ್ಕೆ ಕೈ ಹಾಕಬೇಡಿ, ಅದು ಬೇರನ್ನು ಸುಡುತ್ತದೆ.

ಮೃಗಶಿರಾ ಮಳೆಗೆ ಮೊದಲೇ, ಮೇ ಕೊನೆಯಲ್ಲಿ, ಗಿಡದ ಮೂರನೇ ಒಂದು ಭಾಗ ಕತ್ತರಿಸಿ. ಹಸಿರೆಲೆ ಇರುವಲ್ಲಿಯೇ ನಿಲ್ಲಿಸಿ, ಬೋಳು ಕಾಂಡಕ್ಕೆ ಕತ್ತರಿ ಹಾಕಿದರೆ ಅಲ್ಲಿಂದ ಚಿಗುರುವುದು ಅಪರೂಪ. ನಂತರ ಕುಂಡವನ್ನು ಮಾಡಿನ ಕೆಳಗೆ ತನ್ನಿ. ಜಗಲಿಯ ಒಳಮೂಲೆ ಕತ್ತಲು. ಅಂಗಳಕ್ಕೆ ಹೊದಿಸಿದ ಪಾರದರ್ಶಕ ಶೀಟಿನ ಅಡಿ ಇದ್ದರೆ ಬೆಳಕೂ ಸಿಗುತ್ತದೆ, ಎರಚಲೂ ತಾಗುವುದಿಲ್ಲ. ಇಟ್ಟಿಗೆಯ ಮೇಲಿಡಿ, ತಟ್ಟೆ ಬೇಡ, ಕುಂಡಗಳ ನಡುವೆ ಗಾಳಿಯಾಡಲಿ.

ಆರಿದ್ರಾ, ಪುಷ್ಯ ಮಳೆಗಳಲ್ಲಿ ಗಾಳಿಯೇ ಒದ್ದೆ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಗಿಡ ಜೋತುಬಿದ್ದ ಕೂಡಲೇ ಚೊಂಬು ಹಿಡಿದು ಓಡುವವರೇ ಹೆಚ್ಚು. ಒದ್ದೆ ಮಣ್ಣಿನಲ್ಲಿ ಗಿಡ ಬಾಡುತ್ತಿದ್ದರೆ ಬೇರು ಕೊಳೆಯುತ್ತಿದೆ ಎಂದರ್ಥ, ನೀರು ಹಾಕಿದಷ್ಟೂ ಬೇಗ ಸಾಯುತ್ತದೆ. ಕಪ್ಪಾದ ಎಲೆಗಳನ್ನು ಆಗಾಗ ಕಿತ್ತು ತೆಗೆಯಿರಿ.

ಹಸ್ತ ಮಳೆ ಮುಗಿದ ಮೇಲೆ ಕುಂಡವನ್ನು ನಿಧಾನವಾಗಿ ಬಿಸಿಲಿಗೆ ಒಗ್ಗಿಸಿ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಎಷ್ಟೇ ಜತನ ಮಾಡಿದರೂ ಕೆಲವು ಗಿಡ ಮಳೆಗೆ ಹೋಗುತ್ತವೆ. ಆದ್ದರಿಂದ ನವೆಂಬರಿನಲ್ಲಿ ಹೂವಿಲ್ಲದ ತುದಿಗಳನ್ನು ಎಂಟು ಹತ್ತು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ಸವರಿ, ತೇವದ ಮರಳಿನಲ್ಲಿ ನೆರಳಿಗೆ ಊರಿ. ಬೇರು ಬಿಡಲು ಒಂದೆರಡು ತಿಂಗಳು ಹಿಡಿಯುತ್ತದೆ.