ರಗ್ಗಡ್ ಲ್ಯಾಪ್‌ಟಾಪಿನ ಜಿಪಿಎಸ್‌ಗೆ ಹೊರಗಿನ ಆಂಟೆನಾ ಜೋಡಿಸುವ ಕ್ರಮ

ಮಳೆ, ದೂಳು, ಕುಲುಕಾಟಗಳನ್ನು ತಡೆದುಕೊಳ್ಳಲೆಂದೇ ಕಟ್ಟಿದ ರಗ್ಗಡ್ ಲ್ಯಾಪ್‌ಟಾಪು ಸರ್ವೆ ಕೆಲಸಕ್ಕೂ ತುರ್ತುಸೇವೆಯ ವಾಹನಗಳಿಗೂ ಹೇಳಿ ಮಾಡಿಸಿದ ಯಂತ್ರ. ಆದರೆ ಅದರೊಳಗಿನ ಜಿಪಿಎಸ್ ಹಲವು ಬಾರಿ ಕೈಕೊಡುತ್ತದೆ. ತೆರೆದ ಮೈದಾನದಲ್ಲಿ ಸರಿಯಾಗಿ ಜಾಗ ತೋರಿಸಿದ ಯಂತ್ರವನ್ನೇ ವಾಹನದೊಳಗಿನ ಡಾಕ್‌ಗೆ (ಲ್ಯಾಪ್‌ಟಾಪನ್ನು ಕೂರಿಸಿ ಜೋಡಿಸುವ ತೊಟ್ಟಿಲಿಗೆ) ಕೂರಿಸಿದಾಗ ನಕ್ಷೆಯ ಮೇಲಿನ ಚುಕ್ಕೆ ರಸ್ತೆ ಬಿಟ್ಟು ಅಲೆಯತೊಡಗುತ್ತದೆ, ಇಲ್ಲವೇ ಹತ್ತು ನಿಮಿಷ ಕಾದರೂ ಜಾಗ ಗೊತ್ತಾಗುವುದಿಲ್ಲ. ಇದಕ್ಕೆ ಹೊರಗಿನ ಆಂಟೆನಾ ಒಳ್ಳೆಯ ಪರಿಹಾರ. ಹಾಗೆಂದು ಯಾವುದೋ ಒಂದು ಆಂಟೆನಾವನ್ನು ತಂದು ಸಿಕ್ಕಿಸಿದರೆ ಸಾಲದು. ಆಂಟೆನಾಕ್ಕೆ ಎಷ್ಟು ಆಕಾಶ ಕಾಣುತ್ತದೆ, ಲ್ಯಾಪ್‌ಟಾಪಿನ ವಿದ್ಯುತ್ ಗದ್ದಲದಿಂದ ಅದು ಎಷ್ಟು ದೂರದಲ್ಲಿದೆ ಎಂಬ ಎರಡು ಸಂಗತಿಗಳೇ ಫಲಿತಾಂಶದ ಬಹುಪಾಲನ್ನು ನಿರ್ಧರಿಸುತ್ತವೆ ಎಂಬುದು ನನ್ನ ಅನುಭವ.

ಕಾರಣ ತಿಳಿದರೆ ಮುಂದಿನ ಕೆಲಸ ಸುಲಭವಾಗುತ್ತದೆ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ 1575.42 ಮೆಗಾಹರ್ಟ್ಜ್ ಆವರ್ತಾಂಕದಲ್ಲಿ ಸಂಕೇತ ಕಳುಹಿಸುತ್ತವೆ. ನೆಲಕ್ಕೆ ಬಂದು ಸೇರುವಾಗ ಆ ಸಂಕೇತದ ಬಲ ಸುಮಾರು ಮೈನಸ್ 130 ಡಿಬಿಎಂ (ಸಂಕೇತದ ಬಲವನ್ನು ಅಳೆಯುವ ಮಾನ), ಅಂದರೆ ಒಂದು ವಾಟ್‌ನ ನೂರು ಕೋಟಿ ಕೋಟಿ ಪಾಲಿನಲ್ಲಿ ಒಂದು ಪಾಲು. ಇದು ರಿಸೀವರ್‌ನ ಸಹಜ ಗದ್ದಲಕ್ಕಿಂತಲೂ ಕೆಳಗಿನ ಮಟ್ಟ. ಉಪಗ್ರಹದ ಸಂಕೇತಮಾಲೆ ಮೊದಲೇ ಗೊತ್ತಿರುವುದರಿಂದಷ್ಟೇ ರಿಸೀವರ್ ಅದನ್ನು ಗದ್ದಲದೊಳಗಿನಿಂದ ಹೆಕ್ಕಿ ತೆಗೆಯಬಲ್ಲದು. ಇಷ್ಟು ಕ್ಷೀಣವಾದ ಸಂಕೇತಕ್ಕೆ ರಗ್ಗಡ್ ಲ್ಯಾಪ್‌ಟಾಪಿನ ಮೆಗ್ನೀಸಿಯಂ ಮಿಶ್ರಲೋಹದ ಕವಚವೇ ಮೊದಲ ಗೋಡೆ. ಒಳಗಿನ ಆಂಟೆನಾ ಪರದೆಯ ಅಂಚಿನ ಒಂದು ಸಣ್ಣ ಪ್ಲಾಸ್ಟಿಕ್ ಕಿಟಕಿಯ ಹಿಂದೆ ಇಕ್ಕಟ್ಟಿನಲ್ಲಿ ಕುಳಿತಿರುತ್ತದೆ, ಮತ್ತು ಪರದೆಯನ್ನು ಓರೆಯಾಗಿಸಿದಂತೆಲ್ಲ ಅದರ ಮುಖ ಆಕಾಶದಿಂದ ಬೇರೆಡೆಗೆ ತಿರುಗುತ್ತದೆ. ವಾಹನದ ಛಾವಣಿ ಎರಡನೆಯ ಗೋಡೆ. ಬಿಸಿಲು ತಡೆಯಲು ಲೋಹದ ತೆಳುಲೇಪ ಬಳಿದ ಗಾಜಿದ್ದರೆ ಅದು ಮೂರನೆಯದು.

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ಈಗಿನ ಸ್ಥಿತಿಯನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಲಿನಕ್ಸ್‌ನಲ್ಲಿ ಜಿಪಿಎಸ್‌ಡಿ ಜೊತೆಗೆ ಬರುವ ಸಿಜಿಪಿಎಸ್, ವಿಂಡೋಸ್‌ನಲ್ಲಿ ಯು-ಬ್ಲಾಕ್ಸ್ ಮಾಡ್ಯೂಲ್ ಇದ್ದರೆ ಯು-ಸೆಂಟರ್, ಅಥವಾ ಸೀರಿಯಲ್ ಪೋರ್ಟ್ ಓದಬಲ್ಲ ಯಾವ ತಂತ್ರಾಂಶವಾದರೂ ಸಾಕು. ರಿಸೀವರ್ ಹೊರಡಿಸುವ ಎನ್‌ಎಂಇಎ ಎಂಬ ನಿಗದಿತ ರೂಪದ ಮಾಹಿತಿ ಸಾಲುಗಳಲ್ಲಿ ‘ಜಿಎಸ್‌ವಿ’ ಎಂಬ ಗುರುತಿನವು ನಮಗೆ ಬೇಕಾದವು. ಪ್ರತಿ ಉಪಗ್ರಹಕ್ಕೂ ಅದರಲ್ಲಿ ನಾಲ್ಕು ಸಂಖ್ಯೆಗಳಿರುತ್ತವೆ: ಉಪಗ್ರಹದ ಸಂಖ್ಯೆ, ದಿಗಂತದಿಂದ ಅದರ ಎತ್ತರ, ಅದಿರುವ ದಿಕ್ಕು, ಕೊನೆಯಲ್ಲಿ ಸಂಕೇತದ ಬಲ. ಈ ನಾಲ್ಕನೆಯ ಸಂಖ್ಯೆ 40ರಿಂದ 50ರ ನಡುವೆ ಇದ್ದರೆ ಸಂಕೇತ ಚೆನ್ನಾಗಿದೆ ಎಂದರ್ಥ. 35ರ ಆಸುಪಾಸು ಇದ್ದರೆ ಕೆಲಸ ನಡೆಯುತ್ತದೆ. 30ಕ್ಕಿಂತ ಕೆಳಗಿಳಿದರೆ ಚುಕ್ಕೆ ಅಲೆಯತೊಡಗುತ್ತದೆ, ಹೊಸದಾಗಿ ಜಾಗ ಹುಡುಕುವುದಂತೂ ಬಹಳ ಕಷ್ಟವಾಗುತ್ತದೆ. ಪರದೆಯ ಮೇಲೆ ಕಾಣುವ ಉಪಗ್ರಹಗಳ ಎಣಿಕೆಗೆ ಮರುಳಾಗಬಾರದು. ಹನ್ನೆರಡು ಉಪಗ್ರಹಗಳು ‘ಕಾಣುತ್ತಿವೆ’ ಎಂದಿದ್ದರೂ ಅವುಗಳಲ್ಲಿ ಎಂಟರ ಬಲ 22 ಆಗಿದ್ದರೆ ಸಂಕೇತ ಚೆನ್ನಾಗಿ ಸಿಗುತ್ತಿದೆ ಎಂದರ್ಥವಲ್ಲ.

ಅಳತೆಗೆ ಮುನ್ನ ಯಂತ್ರವನ್ನು ಬಯಲಿನಲ್ಲಿ ಹದಿನೈದು ನಿಮಿಷ ಅಲುಗಾಡಿಸದೆ ಇಡಿ. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ನಿಖರ ವಿವರವನ್ನು 30 ಸೆಕೆಂಡಿಗೊಮ್ಮೆ ಕಳುಹಿಸುತ್ತದೆ, ಎಲ್ಲ ಉಪಗ್ರಹಗಳ ಒಟ್ಟು ಪಂಚಾಂಗ ಪೂರ್ತಿಯಾಗಿ ಬಂದು ಸೇರಲು 12.5 ನಿಮಿಷ ಹಿಡಿಯುತ್ತದೆ. ಬಹುದಿನ ಮುಚ್ಚಿಟ್ಟಿದ್ದ ಯಂತ್ರ ಮೊದಲ ಕೆಲವು ನಿಮಿಷ ತಡಕಾಡಿದರೆ ಅದು ಆಂಟೆನಾದ ದೋಷವಾಗಿರಬೇಕಿಲ್ಲ. ಬಯಲಿನ ಅಳತೆಯಾದ ಮೇಲೆ ವಾಹನದೊಳಗಿನ ಅಳತೆಯನ್ನೂ ಬರೆದುಕೊಳ್ಳಿ. ಬಳಿಕ ಒಂದು ಸಣ್ಣ ಪ್ರಯೋಗ ಮಾಡಿ: ಯುಎಸ್‌ಬಿ 3 ಡಿಸ್ಕನ್ನು ಕಿತ್ತು ನೋಡಿ, ಡಾಕ್‌ನ ಹೊರ ಪರದೆಯ ಕೇಬಲ್ ತೆಗೆದು ನೋಡಿ, ಚಾರ್ಜರ್ ಕಳಚಿ ನೋಡಿ. ಒಮ್ಮೆ ಡಿಸ್ಕಿನ ಕೇಬಲನ್ನು ಕಿತ್ತ ಕ್ಷಣದಲ್ಲೇ ಎಲ್ಲ ಉಪಗ್ರಹಗಳ ಬಲವೂ ಒಟ್ಟಿಗೆ ಐದಾರು ಡಿಬಿ (ಡೆಸಿಬೆಲ್, ಬಲದ ಏರಿಳಿತದ ಮಾನ) ಮೇಲೇರಿದ್ದನ್ನು ನಾನು ನೋಡಿದ್ದೇನೆ. ಅಂಥ ಸಂದರ್ಭದಲ್ಲಿ ಕೇಬಲ್ ಬದಲಿಸುವುದೇ ಅರ್ಧ ಚಿಕಿತ್ಸೆ.

ಮುಂದೆ ತಿಳಿಯಬೇಕಾದದ್ದು ರಿಸೀವರ್ ಎಲ್ಲಿದೆ ಎಂಬುದು. ಕೆಲವು ಯಂತ್ರಗಳಲ್ಲಿ ಜಿಪಿಎಸ್‌ಗೆ ಪ್ರತ್ಯೇಕ ಮಾಡ್ಯೂಲ್ ಇರುತ್ತದೆ, ಉಳಿದವುಗಳಲ್ಲಿ ಮೊಬೈಲ್ ಡೇಟಾದ ಕಾರ್ಡೇ ಜಿಪಿಎಸ್ ಕೆಲಸವನ್ನೂ ಮಾಡುತ್ತದೆ. ಎರಡನೆಯ ಬಗೆಯಲ್ಲಿ ಒಂದು ತೊಡಕಿದೆ. ಕಾರ್ಡಿನ ಜಿಪಿಎಸ್ ಕಿಂಡಿಯನ್ನೇ ಮೊಬೈಲಿನ ಎರಡನೆಯ ಆಂಟೆನಾವೂ ಹಂಚಿಕೊಂಡಿರಬಹುದು, ಆಗ ಅಲ್ಲಿಗೆ ಜಿಪಿಎಸ್ ಆಂಟೆನಾವನ್ನು ಮಾತ್ರ ಸಿಕ್ಕಿಸಿದರೆ ಡೇಟಾ ವೇಗ ಕುಸಿಯುತ್ತದೆ. ಕಾರ್ಡಿನ ಕೈಪಿಡಿಯಲ್ಲಿ ಯಾವ ಕಿಂಡಿ ಯಾವುದಕ್ಕೆ ಎಂಬ ಚಿತ್ರವಿರುತ್ತದೆ, ಅದನ್ನು ನೋಡದೆ ಮುಂದುವರಿಯಬೇಡಿ.

ಹೊರ ಆಂಟೆನಾವನ್ನು ಒಳಗೆ ತರುವ ದಾರಿಗಳಲ್ಲಿ ಅತ್ಯುತ್ತಮವಾದದ್ದು ಯಂತ್ರ ತಯಾರಕರೇ ಇಟ್ಟಿರುವ ದಾರಿ. ಪ್ಯಾನಸಾನಿಕ್ ಟಫ್‌ಬುಕ್, ಗೆಟ್ಯಾಕ್ ಮುಂತಾದ ರಗ್ಗಡ್ ಯಂತ್ರಗಳ ಹಲವು ಮಾದರಿಗಳಲ್ಲಿ ತಳಭಾಗದಲ್ಲಿ ಆಂಟೆನಾ ಪಾಸ್‌ಥ್ರೂ ಎಂಬ ಸಂಪರ್ಕ ಇರುತ್ತದೆ. ವಾಹನದ ಡಾಕ್‌ನಲ್ಲಿ ಕೂರಿಸಿದಾಗ ರಿಸೀವರ್ ಒಳ ಆಂಟೆನಾದಿಂದ ಹೊರ ಆಂಟೆನಾಕ್ಕೆ ಬದಲಾಗುತ್ತದೆ, ಕವಚದ ಒಂದು ಸ್ಕ್ರೂ ಸಹ ಬಿಚ್ಚಬೇಕಾಗುವುದಿಲ್ಲ. ಆದರೆ ಆ ಸೌಲಭ್ಯ ಯಂತ್ರದಲ್ಲೂ ಡಾಕ್‌ನಲ್ಲೂ ಎರಡೂ ಕಡೆ ಇರಬೇಕು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಅಂಥ ದಾರಿ ಇಲ್ಲದವರು ಯುಎಸ್‌ಬಿಗೆ ಸಿಕ್ಕಿಸುವ ಪ್ರತ್ಯೇಕ ರಿಸೀವರನ್ನು ಮೊದಲು ಪರಿಗಣಿಸಬೇಕು. ಅದರಲ್ಲಿ ಆಂಟೆನಾ, ವರ್ಧಕ, ರಿಸೀವರ್ ಮೂರೂ ಛಾವಣಿಯ ಮೇಲೆಯೇ ಇರುತ್ತವೆ, ಕೇಬಲಿನಲ್ಲಿ ಬರುವುದು ಬರೀ ಅಂಕಿಗಳಾದ್ದರಿಂದ ಸಂಕೇತ ಸೋರುವ ಪ್ರಶ್ನೆಯೇ ಇಲ್ಲ. ಕವಚ ಬಿಚ್ಚುವ ಮೂರನೆಯ ದಾರಿಯನ್ನು ಬೇರೆ ಉಪಾಯವಿಲ್ಲದಾಗ ಮಾತ್ರ ಹಿಡಿಯಬೇಕು, ಏಕೆಂದರೆ ಬಿಚ್ಚಿದ ಯಂತ್ರಕ್ಕೆ ನೀರು ತಡೆಯುವ ಮೊದಲಿನ ಖಾತರಿ ಉಳಿಯುವುದಿಲ್ಲ.

ಆಂಟೆನಾ ಆರಿಸುವಾಗ ವರ್ಧಕವುಳ್ಳ, ಅಂದರೆ ಆಕ್ಟಿವ್ ಬಗೆಯದನ್ನೇ ಆರಿಸಬೇಕು. ತೆಳ್ಳನೆಯ ಆರ್‌ಜಿ-174 ಕೇಬಲ್ ಈ ಆವರ್ತಾಂಕದಲ್ಲಿ ಮೀಟರಿಗೆ ಒಂದು ಡಿಬಿಗಿಂತ ತುಸು ಹೆಚ್ಚು ನುಂಗುತ್ತದೆ. ಐದು ಮೀಟರ್ ಕೇಬಲ್ ಎಂದರೆ ಸುಮಾರು ಆರು ಡಿಬಿ, ಅಂದರೆ ಸಂಕೇತದ ಮುಕ್ಕಾಲು ಪಾಲು ದಾರಿಯಲ್ಲೇ ಹೋಯಿತು. ಕೇಬಲಿಗೆ ಮುನ್ನವೇ, ಆಂಟೆನಾದ ಬುಡದಲ್ಲೇ, ಕಡಿಮೆ ಗದ್ದಲದ ವರ್ಧಕವೊಂದು ಸಂಕೇತವನ್ನು 25ರಿಂದ 28 ಡಿಬಿ ಎತ್ತಿಬಿಟ್ಟರೆ ಈ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ನೋಡಬೇಕಾದ ಅಂಕಿ ವರ್ಧನೆಯದಕ್ಕಿಂತ ಹೆಚ್ಚಾಗಿ ವರ್ಧಕದ ನಾಯ್ಸ್ ಫಿಗರ್, ಅಂದರೆ ವರ್ಧಕ ತಾನೇ ಎಷ್ಟು ಗದ್ದಲ ಸೇರಿಸುತ್ತದೆ ಎಂಬ ಅಳತೆ. ಅದು 2 ಡಿಬಿಗಿಂತ ಕಡಿಮೆ ಇರಲಿ. ವರ್ಧನೆ ಅತಿಯಾದರೆ ರಿಸೀವರ್ ಉಸಿರುಗಟ್ಟುತ್ತದೆ, ಆದ್ದರಿಂದ 40 ಡಿಬಿಯ ಆಂಟೆನಾ 28 ಡಿಬಿಯದಕ್ಕಿಂತ ಉತ್ತಮವೆಂಬ ಲೆಕ್ಕ ಸರಿಯಲ್ಲ. ಹತ್ತಿರದಲ್ಲಿ ಮೊಬೈಲ್ ಅಥವಾ ವಾಕಿಟಾಕಿ ಆಂಟೆನಾಗಳಿದ್ದರೆ ಒಳಗೆ ಫಿಲ್ಟರ್ ಇರುವ ಆಂಟೆನಾವನ್ನೇ ತೆಗೆದುಕೊಳ್ಳಿ. ರಿಸೀವರ್ ರಷ್ಯಾದ ಗ್ಲೋನಾಸ್ ಉಪಗ್ರಹಗಳನ್ನೂ ಬಳಸುವುದಾದರೆ ಆಂಟೆನಾದ ವ್ಯಾಪ್ತಿ 1606 ಮೆಗಾಹರ್ಟ್ಜ್‌ವರೆಗೆ ಇರಬೇಕು.

ಆ ವರ್ಧಕಕ್ಕೆ ವಿದ್ಯುತ್ ಬೇಕಲ್ಲ, ಅದು ಅದೇ ಕೇಬಲಿನ ನಡುತಂತಿಯ ಮೂಲಕ ರಿಸೀವರ್‌ನಿಂದಲೇ ಹೋಗಬೇಕು. ಸಾಮಾನ್ಯವಾಗಿ 3 ಅಥವಾ 5 ವೋಲ್ಟ್. ಜಿಪಿಎಸ್ ಚಾಲೂ ಮಾಡಿ, ಮಲ್ಟಿಮೀಟರಿನ ಒಂದು ಮೊನೆಯನ್ನು ಕನೆಕ್ಟರಿನ ನಡುವಿಗೂ ಇನ್ನೊಂದನ್ನು ಹೊರ ಉಂಗುರಕ್ಕೂ ತಾಗಿಸಿ ನೋಡಿ. ಎರಡೂ ಒಂದಕ್ಕೊಂದು ತಾಗಿದರೆ ಶಾರ್ಟ್ ಆಗುತ್ತದೆ, ಆದ್ದರಿಂದ ಕೈ ಸ್ಥಿರವಾಗಿರಲಿ. ಸೊನ್ನೆ ತೋರಿದರೆ ಕೆಲವು ಕಾರ್ಡುಗಳಲ್ಲಿ ಆಂಟೆನಾ ವಿದ್ಯುತ್ತನ್ನು ಆದೇಶ ಕೊಟ್ಟು ಚಾಲೂ ಮಾಡಬೇಕಾಗುತ್ತದೆ. ಆ ಸೌಲಭ್ಯವೂ ಇಲ್ಲದಿದ್ದರೆ ನಡುವೆ ಬಯಾಸ್-ಟೀ ಎಂಬ ಪುಟ್ಟ ಪೆಟ್ಟಿಗೆ ಜೋಡಿಸಿ ಬೇರೆಡೆಯಿಂದ ವಿದ್ಯುತ್ ಕೊಡಬೇಕು. ವಿದ್ಯುತ್ ಸಿಗದ ಆಕ್ಟಿವ್ ಆಂಟೆನಾ ಒಳಗಿನ ಆಂಟೆನಾಕ್ಕಿಂತಲೂ ಕೆಟ್ಟದಾಗಿ ಕೆಲಸ ಮಾಡುತ್ತದೆ. ಹೊಸ ಆಂಟೆನಾ ಹಾಕಿದ ಮೇಲೆ ಎಲ್ಲವೂ ಹದಗೆಟ್ಟಿತು ಎನ್ನುವವರಲ್ಲಿ ಬಹಳ ಮಂದಿಗೆ ಆಗಿರುವುದು ಇದೇ.

ಕನೆಕ್ಟರಿನ ವಿಷಯದಲ್ಲೂ ಒಂದು ಬಲೆಯಿದೆ. ಜಿಪಿಎಸ್ ಆಂಟೆನಾಗಳಲ್ಲಿ ಎಸ್‌ಎಂಎ ಎಂಬ ತಿರುಪಿನ ಕನೆಕ್ಟರ್ ಬಳಕೆಯಲ್ಲಿದೆ, ವೈಫೈ ಆಂಟೆನಾಗಳಲ್ಲಿ ಆರ್‌ಪಿ-ಎಸ್‌ಎಂಎ. ಎರಡರ ತಿರುಪೂ ಒಂದೇ, ಕಣ್ಣಿಗೆ ಅವಳಿಗಳಂತೆ ಕಾಣುತ್ತವೆ, ತಿರುಗಿಸಿದರೆ ಬಿಗಿಯಾಗಿ ಕೂರುತ್ತವೆ ಕೂಡ. ಆದರೆ ಒಂದಕ್ಕೊಂದು ಜೋಡಿಸಿದಾಗ ನಡುವಿನ ಸೂಜಿ ಎರಡೂ ಕಡೆ ಇಲ್ಲದೆ ಸಂಪರ್ಕವೇ ಆಗದಿರಬಹುದು, ಇಲ್ಲವೇ ಎರಡೂ ಕಡೆ ಸೂಜಿಯಿದ್ದು ಬಾಗಬಹುದು. ಬಿಗಿಯುವ ಮುನ್ನ ಎರಡರ ಒಳಗನ್ನೂ ಕಣ್ಣಾರೆ ನೋಡಿ.

ಕವಚ ಬಿಚ್ಚಲೇಬೇಕಾದವರು ಬ್ಯಾಟರಿ, ಚಾರ್ಜರ್ ಎರಡನ್ನೂ ತೆಗೆದು, ಕೈಯ ಸ್ಥಿರವಿದ್ಯುತ್ತನ್ನು ನೆಲಕ್ಕಿಳಿಸಿಕೊಂಡು, ಪ್ರತಿ ಹಂತದಲ್ಲೂ ಫೋಟೊ ತೆಗೆಯುತ್ತಾ ಸಾಗಬೇಕು. ಮಾಡ್ಯೂಲಿನ ಮೇಲಿನ ಯು.ಎಫ್‌ಎಲ್ ಕನೆಕ್ಟರ್ ಅಕ್ಕಿಕಾಳಿಗಿಂತಲೂ ಚಿಕ್ಕದು, ಸುಮಾರು ಮೂವತ್ತು ಬಾರಿ ಹಾಕಿ ತೆಗೆಯುವಷ್ಟೇ ಅದರ ಆಯುಸ್ಸು. ಕೇಬಲ್ ಹಿಡಿದು ಎಳೆದರೆ ಕನೆಕ್ಟರ್ ಬೋರ್ಡಿನಿಂದಲೇ ಕಿತ್ತು ಬರುತ್ತದೆ. ಅದರ ಕತ್ತಿನ ಕೆಳಗೆ ಪ್ಲಾಸ್ಟಿಕ್ ಮೊನೆಯನ್ನು ತೂರಿಸಿ ನೇರವಾಗಿ ಮೇಲಕ್ಕೆತ್ತಬೇಕು. ಕೂರಿಸುವಾಗ ಬೆರಳ ತುದಿಯಲ್ಲಿ ಮೊದಲು ಅದರ ನೇರ ಜಾಗವನ್ನು ಹುಡುಕಿ, ಆಮೇಲೆ ಒತ್ತಿದರೆ ‘ಟಕ್’ ಎಂಬ ಸಣ್ಣ ಅನುಭವ ಬೆರಳಿಗೇ ಆಗುತ್ತದೆ. ಅದು ಆಗದೆ ಒತ್ತಡ ಹೆಚ್ಚಿಸಬೇಡಿ. ನಾನು ಮೊದಲ ಬಾರಿ ಜೋಡಿಸಿದಾಗ ಎಲ್ಲವೂ ಸರಿಯಿದ್ದಂತೆ ತೋರಿದರೂ ಒಂದೇ ಒಂದು ಉಪಗ್ರಹವೂ ಸಿಗಲಿಲ್ಲ. ಎರಡು ಸಂಜೆ ಹುಡುಕಿದ ಮೇಲೆ ತಿಳಿಯಿತು, ಮುಚ್ಚಳದ ಸ್ಕ್ರೂ ಕಂಬದ ಕೆಳಗೆ ಕೂದಲೆಳೆಯಂಥ ಕೇಬಲ್ ಸಿಕ್ಕಿ ಚಪ್ಪಟೆಯಾಗಿತ್ತು. ಅಂದಿನಿಂದ ಕೇಬಲನ್ನು ಅದರ ದಾರಿಯುದ್ದಕ್ಕೂ ತೆಳು ಟೇಪಿನಿಂದ ಅಂಟಿಸಿದ ನಂತರವೇ ಮುಚ್ಚಳ ಹಾಕುತ್ತೇನೆ. ಕಳಚಿದ ಒಳ ಆಂಟೆನಾದ ತುದಿಗೆ ನಿರೋಧಕ ಟೇಪು ಸುತ್ತಿ ಪಕ್ಕಕ್ಕಿಡಿ. ಎರಡೂ ಆಂಟೆನಾಗಳನ್ನು ಒಂದೇ ತಂತಿಗೆ ಸೇರಿಸುವ ಯೋಚನೆ ಬೇಡ, ಅವು ಒಂದರ ಸಂಕೇತವನ್ನು ಇನ್ನೊಂದು ಕೆಡಿಸುತ್ತವೆ.

ಆಂಟೆನಾದ ಜಾಗ ವಾಹನದ ಲೋಹದ ಛಾವಣಿಯ ನಡುಭಾಗ. ಚಪ್ಪಟೆ ಸೆರಾಮಿಕ್ ಆಂಟೆನಾಕ್ಕೆ ತನ್ನ ಕೆಳಗೆ ಲೋಹದ ಹಾಳೆ ಇದ್ದರೆ ಬಲ ಹೆಚ್ಚುತ್ತದೆ, ನೆಲದಿಂದ ಪುಟಿದು ಬರುವ ಸಂಕೇತಗಳೂ ಕಡಿಮೆಯಾಗುತ್ತವೆ. ಛಾವಣಿ ಫೈಬರಿನದಾದರೆ ಏಳೆಂಟು ಸೆಂಟಿಮೀಟರ್ ಅಗಲದ ಲೋಹದ ತಟ್ಟೆಯನ್ನು ಕೆಳಗೆ ಇಟ್ಟರೂ ಸಾಕು. ಆಂಟೆನಾ ಮಟ್ಟಸವಾಗಿ ಆಕಾಶ ನೋಡುತ್ತಿರಲಿ. ಎಲ್‌ಇಡಿ ದೀಪದ ಪಟ್ಟಿ, ರೇಡಿಯೊ ಆಂಟೆನಾಗಳಿಂದ ಸಾಧ್ಯವಾದಷ್ಟು ದೂರವಿರಲಿ. ಉಳಿದ ಕೇಬಲನ್ನು ಬಿಗಿಯಾಗಿ ಸುತ್ತಿ ಮುರಿಯುವಂತೆ ಮಡಚಬೇಡಿ. ಬಾಗಿಲ ಸಂದಿಯಿಂದ ಒಳಗೆ ತರುವಾಗ ಹೊರಗೆ ಒಂದು ಸಣ್ಣ ಇಳಿಬಾಗು ಬಿಟ್ಟರೆ ಮಳೆನೀರು ಕೇಬಲ್ ಹಿಡಿದು ಒಳಗೆ ಬರದೆ ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕೊನೆಯ ಅಳತೆಯನ್ನು ಮೊದಲಿನ ಜಾಗದಲ್ಲೇ ಮಾಡಬೇಕು, ಸಮಯವನ್ನೂ ಹೊಂದಿಸಿಕೊಳ್ಳಬೇಕು. ಜಿಪಿಎಸ್ ಉಪಗ್ರಹಗಳ ವಿನ್ಯಾಸ ಪ್ರತಿದಿನ ಸುಮಾರು ನಾಲ್ಕು ನಿಮಿಷ ಮುಂಚೆ ಅದೇ ಆಕಾಶದಲ್ಲಿ ಮರಳಿ ಬರುತ್ತದೆ. ನಿನ್ನೆ ಹತ್ತು ಗಂಟೆಗೆ ಅಳೆದಿದ್ದರೆ ಇಂದು ಒಂಬತ್ತು ಐವತ್ತಾರಕ್ಕೆ ಅಳೆಯಿರಿ, ಆಗ ಅದೇ ಉಪಗ್ರಹದ ಬಲವನ್ನು ಅದೇ ಎತ್ತರದಲ್ಲಿ ಹೋಲಿಸಬಹುದು. ತಲೆಯ ಮೇಲಿರುವ ಉಪಗ್ರಹಗಳ ಬಲ 40 ದಾಟಿದ್ದರೆ ಜೋಡಣೆ ಸರಿಯಾಗಿದೆ. ಎಲ್ಲವೂ ಒಟ್ಟಿಗೆ ಕುಸಿದಿದ್ದರೆ ವರ್ಧಕದ ವಿದ್ಯುತ್ತನ್ನೂ ಕನೆಕ್ಟರುಗಳನ್ನೂ ಮರುಪರೀಕ್ಷಿಸಿ. ಒಂದು ದಿಕ್ಕಿನವು ಮಾತ್ರ ಕುಸಿದಿದ್ದರೆ ಆ ದಿಕ್ಕಿನಲ್ಲಿ ಏನೋ ಅಡ್ಡ ಬಂದಿದೆ, ಆಂಟೆನಾವನ್ನು ಒಂದೆರಡು ಅಡಿ ಸರಿಸಿ ಮತ್ತೆ ಅಳೆಯಿರಿ.