ಹಾಡಿನ ಜೊತೆ ನೆನಪನ್ನೂ ಕಾಪಿಡಲು ನಾನು ಅನುಸರಿಸುವ ಕ್ರಮ

ಮೆಚ್ಚಿನ ಹಾಡುಗಳ ಪಟ್ಟಿ ಯಾರು ಬೇಕಾದರೂ ಮಾಡಬಹುದು. ಆದರೆ ಆ ಹಾಡಿಗೆ ಅಂಟಿಕೊಂಡ ನೆನಪು ಹೇಳುವವರ ಬಾಯಲ್ಲೇ ಉಳಿದು, ಅವರ ಜೊತೆಗೇ ಹೋಗಿಬಿಡುತ್ತದೆ. ಮನೆಯವರಿಂದ, ಗೆಳೆಯರಿಂದ ಎರಡನ್ನೂ ಒಟ್ಟಿಗೆ ಸಂಗ್ರಹಿಸುವಾಗ ನಾನು ಮಾಡುವುದು ಹೀಗೆ.

ಒಬ್ಬರಿಂದ ಒಂದು ಸಲಕ್ಕೆ ಮೂರು ಹಾಡು ಸಾಕು. ‘ನಿಮಗೆ ಯಾವ ಹಾಡು ಇಷ್ಟ?’ ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ನಾಲ್ಕು ಜನ ಒಪ್ಪುವ ಒಳ್ಳೆಯ ಹಾಡನ್ನೇ ಹುಡುಕಿ ಹೇಳುತ್ತಾರೆ. ‘ಯಾವ ಹಾಡು ಕೇಳಿದರೆ ಯಾರು ನೆನಪಾಗುತ್ತಾರೆ?’ ಎಂದರೆ ಮಾತು ತಾನಾಗಿ ಬರುತ್ತದೆ. ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಹಾಗಾಗಿ ಶಾಲೆ, ಮೊದಲ ಕೆಲಸ, ಮದುವೆಯ ಸುತ್ತಿನ ವರ್ಷಗಳಿಂದಲೇ ಶುರು ಮಾಡುತ್ತೇನೆ.

ಮುಂದಿನದು ಸರಿಯಾದ ಆವೃತ್ತಿ ಹುಡುಕುವುದು. ಹೆಚ್ಚಿನವರು ಸೋಲುವುದು ಇಲ್ಲೇ. ಒಂದೇ ಹಾಡಿಗೆ ಮೂಲ ಧ್ವನಿಮುದ್ರಣ, ಬೇರೆ ಗಾಯಕರು ಹಾಡಿದ್ದು, ಮರುಸಂಯೋಜನೆ ಎಂದು ಹಲವು ರೂಪಗಳಿರುತ್ತವೆ. ಹತ್ತು ಅಂಗುಲದ 78 ಆರ್‌ಪಿಎಂ ಹಳೆಯ ಗ್ರಾಮಫೋನ್ ತಟ್ಟೆಯ (ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು) ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ಆದ್ದರಿಂದ ಸಿನಿಮಾದಲ್ಲಿದ್ದ ಒಂದು ಚರಣ ರೆಕಾರ್ಡಿನಲ್ಲಿ ಇಲ್ಲದೇ ಹೋಗಬಹುದು. ಹಾಡು ಹಾಕಿದಾಗ ಎದುರಿಗಿದ್ದವರು ‘ಇದೇ ಹಾಡು, ಆದರೆ ಇದಲ್ಲ’ ಎಂದರೆ ಅವರ ಕಿವಿಯನ್ನೇ ನಂಬಬೇಕು. ರೇಡಿಯೊದಲ್ಲಿ ಕೇಳಿದ್ದೋ, ಕ್ಯಾಸೆಟ್ಟಿನಲ್ಲೋ, ಥಿಯೇಟರಿನಲ್ಲೋ ಎಂದು ವಿಚಾರಿಸಿದರೆ ಯಾವ ರೂಪ ಹುಡುಕಬೇಕೆಂದು ಗೊತ್ತಾಗುತ್ತದೆ. ಹಳೆ ಕ್ಯಾಸೆಟ್ಟಿನಿಂದ ನಕಲು ಮಾಡಿದ್ದಾದರೆ ಶ್ರುತಿಯನ್ನೂ ಗಮನಿಸಿ: ವೇಗ ಶೇ. 6ರಷ್ಟು ಹೆಚ್ಚಾದರೆ ಹಾಡು ಸುಮಾರು ಅರ್ಧ ಸ್ವರ ಮೇಲೇರುತ್ತದೆ, ಗಾಯಕರ ದನಿಯೇ ಬೇರೆಯಾಗಿ ಕೇಳುತ್ತದೆ.

ರೆಕಾರ್ಡಿಂಗ್‌ಗೆ ಫೋನೇ ಸಾಕು. ಅದನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹೇಳುವವರ ಬಾಯಿಂದ ಒಂದು ಗೇಣು ದೂರದಲ್ಲಿ, ಬಟ್ಟೆಯ ಮೇಲೆ ಇಡುತ್ತೇನೆ. ಬರಿ ಮೇಜಿನ ಮೇಲಿಟ್ಟರೆ ಕೈ ತಾಗಿದ ಸದ್ದೆಲ್ಲ ಸೇರುತ್ತದೆ. ಹಾಡು ಬರುವುದು ಬೇರೊಂದು ಸಾಧನದಿಂದ, ಸಣ್ಣ ದನಿಯಲ್ಲಿ. ಹಾಡು ಹಾಕುವ ಮುಂಚೆಯೇ ರೆಕಾರ್ಡಿಂಗ್ ಶುರುವಾಗಿರಬೇಕು. ಯಾಕೆಂದರೆ ಪಲ್ಲವಿ ಮುಗಿದು ಚರಣಕ್ಕೆ ಮುನ್ನ ವಾದ್ಯಗಳು ನುಡಿಯುತ್ತವಲ್ಲ, ಬಹಳ ಜನ ಬಾಯಿ ತೆರೆಯುವುದು ಆಗಲೇ. ತೆರೆದ ತಕ್ಷಣ ಹಾಡು ನಿಲ್ಲಿಸುತ್ತೇನೆ, ಇಲ್ಲದಿದ್ದರೆ ಮಾತು ಸಂಗೀತದಲ್ಲಿ ಮುಳುಗುತ್ತದೆ. ಆಮೇಲೆ ನಾನು ಸುಮ್ಮನಿರುತ್ತೇನೆ. ಮಾತು ನಿಂತಾಗಲೂ ಮನಸ್ಸಿನಲ್ಲೇ ಹತ್ತು ಎಣಿಸಿ, ನಂತರವಷ್ಟೇ ಮುಂದಿನ ಪ್ರಶ್ನೆ. ನಿಜವಾದ ವಿವರ ಆ ಮೌನದ ಆಚೆಗೇ ಇರುವುದು ಹೆಚ್ಚು. ‘ಆಗ ಹೇಗನಿಸಿತು?’ ಎಂಬುದಕ್ಕೆ ಸಿಗುವುದು ‘ಚೆನ್ನಾಗಿತ್ತು’ ಎಂಬ ಉತ್ತರ. ‘ಪಕ್ಕದಲ್ಲಿ ಯಾರಿದ್ದರು, ಕೈಯಲ್ಲಿ ಏನು ಕೆಲಸವಿತ್ತು?’ ಎಂಬುದಕ್ಕೆ ಇಡೀ ಮನೆಯೇ ಸಿಗುತ್ತದೆ.

ಮಾತಿನ ಕಡತವನ್ನು ಮೊನೊ (ಒಂದೇ ಧ್ವನಿವಾಹಿನಿ), ಸೆಕೆಂಡಿಗೆ 64 ಕಿಲೋಬಿಟ್‌ನ (ಕೆಬಿಪಿಎಸ್) ಎಎಸಿ ಎಂಬ ಕುಗ್ಗಿಸಿದ ಧ್ವನಿ ಕಡತದ ರೂಪದಲ್ಲಿ ಉಳಿಸಿದರೆ ನಿಮಿಷಕ್ಕೆ ಅರ್ಧ ಎಂಬಿ ಸಾಕಾಗುತ್ತದೆ. ಹೆಸರಿನಲ್ಲಿ ನೆನಪಿನ ವರ್ಷ, ಹಾಡಿನ ಮೊದಲ ಸಾಲು, ಹೇಳಿದವರು ಇಷ್ಟಿರಲಿ. ಹಾಡು ಬಿಡುಗಡೆಯಾದ ವರ್ಷವೇ ಬೇರೆ, ಅವರು ಕೇಳಿದ ವರ್ಷವೇ ಬೇರೆ, ಎರಡನ್ನೂ ಬರೆದಿಡಿ. ಹಾಡು ಎಂಪಿ3 ಕಡತವಾಗಿದ್ದರೆ ಅದರೊಳಗಿನ ಟಿಪ್ಪಣಿಯನ್ನಷ್ಟೇ ನೆಚ್ಚಬೇಡಿ. ಹಾಡಿನ ವಿವರವನ್ನು ಕಡತದೊಳಗೇ ಬರೆದಿಡುವ ಐಡಿ3 ಎಂಬ ಕ್ರಮದ ಹಳೆಯ ಮೊದಲ ಆವೃತ್ತಿಯಲ್ಲಿ ಟಿಪ್ಪಣಿಗೆ 30 ಅಕ್ಷರಗಳಷ್ಟೇ ಜಾಗ, ಕನ್ನಡ ಅದರಲ್ಲಿ ಕೂರುವುದಿಲ್ಲ. ಪಕ್ಕದಲ್ಲೊಂದು ಸಾದಾ ಪಠ್ಯ ಕಡತ, ಕನ್ನಡವನ್ನೂ ಹಿಡಿಸುವ ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ, ಅದೇ ಹೆಸರಿನಲ್ಲಿ ಇದ್ದರೆ ನೆಮ್ಮದಿ.

ಹಂಚುವಾಗ ಬರೀ ಲಿಂಕ್ ಕಳಿಸಿದರೆ ಸಾಲದು. ಹಾಡು ಕೇಳಿಸುವ ತಾಣದ ಪರವಾನಗಿ ಮುಗಿದರೆ ಹಾಡು ಅಲ್ಲಿಂದ ಮಾಯವಾಗುತ್ತದೆ. ಚಿತ್ರ ಅಥವಾ ಆಲ್ಬಂ, ಗಾಯಕರು, ವರ್ಷ, ಹಾಡಿನ ಅವಧಿ ಇವನ್ನು ಬರೆದರೆ ಮತ್ತೆ ಹುಡುಕಬಹುದು. ಮಾತಿನ ಕಡತವನ್ನು ಮೊದಲು ಹೇಳಿದವರಿಗೇ ಕೇಳಿಸಿ, ಯಾರ್‍ಯಾರಿಗೆ ಕಳಿಸಬಹುದು ಎಂದು ಒಪ್ಪಿಗೆ ಪಡೆಯುತ್ತೇನೆ. ಅವರು ಬೇಡವೆಂದ ಭಾಗ ಕತ್ತರಿಸಿದ ಪ್ರತಿಯೇ ಆಚೆ ಹೋಗುವುದು. ಪೂರ್ತಿ ಪ್ರತಿ ಅವರ ಬಳಿ ಇರುತ್ತದೆ.