ಸರ್ವಾಧಿಕಾರದ ನಂತರದ ಸುಧಾರಣೆಯನ್ನು ಅಧ್ಯಯನ ಮಾಡುವುದು ಹೇಗೆ: ಸ್ಪೇನಿನ ಉದಾಹರಣೆ

ಸರ್ವಾಧಿಕಾರಿ ಸತ್ತ ಸುದ್ದಿ ಬಂದ ಕೂಡಲೇ ಆ ದೇಶಕ್ಕೆ ಪ್ರಜಾಪ್ರಭುತ್ವ ಬಂದಿತೆಂದು ಬರೆಯುವ ರೂಢಿ ನಮ್ಮ ಪತ್ರಿಕೆಗಳಲ್ಲೂ ಪಠ್ಯಗಳಲ್ಲೂ ಇದೆ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಮತ್ತು ವಿದೇಶಿ ವಿದ್ಯಮಾನಗಳನ್ನು ಕುರಿತು ಬರೆಯುವವರು ಇಂತಹ ಬದಲಾವಣೆಯನ್ನು ಯಾವ ಕ್ರಮದಲ್ಲಿ ಪರಿಶೀಲಿಸಬಹುದೆಂಬುದನ್ನು ಸರ್ವಾಧಿಕಾರಿ ಫ್ರಾಂಕೊ ನಂತರದ ಸ್ಪೇನನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ, ವ್ಯಕ್ತಿಯ ಅಂತ್ಯ ಮತ್ತು ಆಡಳಿತದ ಅಂತ್ಯ ಇವೆರಡನ್ನೂ ಬೇರೆ ಬೇರೆ ದಿನಾಂಕಗಳಾಗಿ ಗುರುತು ಹಾಕಿಕೊಳ್ಳಿ. ಫ್ರಾಂಕೊ ತೀರಿಕೊಂಡದ್ದು 1975ರ ನವೆಂಬರ್ 20ರಂದು. ಅವನೇ 1969ರಲ್ಲಿ ಉತ್ತರಾಧಿಕಾರಿಯೆಂದು ಹೆಸರಿಸಿದ್ದ ಹುವಾನ್ ಕಾರ್ಲೋಸ್ ಎರಡು ದಿನಗಳ ಬಳಿಕ ಹಳೆಯ ಆಡಳಿತದ ಮೂಲತತ್ತ್ವಗಳ ಮೇಲೆಯೇ ಪ್ರಮಾಣ ಮಾಡಿ ದೊರೆಯಾದರು. ಪ್ರಧಾನಿಯಾಗಿ ಫ್ರಾಂಕೊ ಕಾಲದ ಅರಿಯಾಸ್ ನವಾರೊ ಮುಂದುವರಿದರು. 1976ರ ಮಾರ್ಚ್ 3ರಂದು ವಿಟೋರಿಯಾ ನಗರದಲ್ಲಿ ಮುಷ್ಕರ ಹೂಡಿದ್ದ ಕಾರ್ಮಿಕರು ಸಭೆ ಸೇರಿದ್ದ ಚರ್ಚಿನೊಳಗೆ ಪೊಲೀಸರು ಅಶ್ರುವಾಯು ಸಿಡಿಸಿ, ಹೊರಗೆ ಓಡಿಬಂದವರ ಮೇಲೆ ಗುಂಡು ಹಾರಿಸಿದರು. ಐವರು ಪ್ರಾಣ ಕಳೆದುಕೊಂಡರು. ಸರ್ವಾಧಿಕಾರಿ ಸತ್ತು ಮೂರು ತಿಂಗಳಿಗೂ ಹೆಚ್ಚು ಕಾಲವಾದ ಮೇಲೆ ನಡೆದ ಘಟನೆಯಿದು ಎಂಬುದನ್ನು ಮರೆಯದೆ ಗುರುತಿಸಿಕೊಳ್ಳಬೇಕು.

ಅನಂತರ, ಹಳೆಯ ಕಾನೂನನ್ನು ಯಾರು, ಯಾವ ವಿಧಾನದಿಂದ ರದ್ದುಮಾಡಿದರೆಂದು ನೋಡಿ. ಸ್ಪೇನಿನ ಅಧ್ಯಯನದಲ್ಲಿ ಹೆಚ್ಚು ಸಮಯ ಕೊಡಬೇಕಾದ ಭಾಗ ಇದೇ. 1976ರ ಜುಲೈಯಲ್ಲಿ ಪ್ರಧಾನಿಯಾದ ಅಡೋಲ್ಫೊ ಸುವಾರೆಸ್ ಅದುವರೆಗೆ ಫ್ರಾಂಕೊವಿನ ಏಕೈಕ ಅಧಿಕೃತ ರಾಜಕೀಯ ಸಂಘಟನೆಯಾಗಿದ್ದ ‘ಮೊವಿಮಿಯೆಂಟೊ’ದ ಪ್ರಧಾನ ಕಾರ್ಯದರ್ಶಿಯಾಗಿದ್ದವರು, ವಿರೋಧಿಗಳಿಗೆ ಅವರ ನೇಮಕದಿಂದ ನಿರಾಶೆಯಾದದ್ದು ಸಹಜ. ಆದರೆ ಸಂಸತ್ತಿನ ಅಧ್ಯಕ್ಷ ಟೊರ್ಕ್ವಾಟೊ ಫರ್ನಾಂಡಿಸ್ ಮಿರಾಂಡಾ ರೂಪಿಸಿದ ಮಾರ್ಗ ಬೇರೆಯೇ ಇತ್ತು: ಹಳೆಯ ಕಾನೂನು ತಾನೇ ವಿಧಿಸಿದ್ದ ತಿದ್ದುಪಡಿಯ ಕ್ರಮದಿಂದಲೇ ಹೊಸ ಕಾನೂನಿಗೆ ದಾಟುವುದು. ಮುಕ್ತ ಚುನಾವಣೆಯಿಂದ ಬಾರದ ಆ ಸಂಸತ್ತು 1976ರ ನವೆಂಬರ್ 18ರಂದು, ಜನರಿಂದ ಚುನಾಯಿತವಾಗುವ ಹೊಸ ಸಂಸತ್ತಿಗೆ ದಾರಿ ಮಾಡುವ ರಾಜಕೀಯ ಸುಧಾರಣಾ ಕಾನೂನನ್ನು 425 ಮತಗಳಿಂದ ಅಂಗೀಕರಿಸಿ ತನ್ನ ಅಂತ್ಯಕ್ಕೆ ತಾನೇ ಒಪ್ಪಿಗೆಯಿತ್ತಿತು. ವಿರೋಧಿಸಿದವರು 59 ಮಂದಿ, ತಟಸ್ಥರು 13 ಮಂದಿ. ಡಿಸೆಂಬರ್ 15ರ ಜನಮತಗಣನೆಯಲ್ಲಿ ಶೇ. 94ರಷ್ಟು ಮತಗಳು ಪರವಾಗಿ ಬಿದ್ದವು. ಇದನ್ನು ದೊರೆ ಮತ್ತು ಪ್ರಧಾನಿಯ ಜಾಣ್ಮೆಯೆಂದಷ್ಟೇ ಬರೆದರೆ ಅನ್ಯಾಯವಾಗುತ್ತದೆ. ಅದೇ ವರ್ಷದ ಮುಷ್ಕರಗಳ ಅಲೆಯೂ ಬೀದಿಗಿಳಿದ ಜನರ ಒತ್ತಡವೂ ಹಳೆಯ ದಾರಿಯಲ್ಲಿ ಮುಂದುವರಿಯುವುದನ್ನು ಅಸಾಧ್ಯವಾಗಿಸಿದ್ದವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸುಧಾರಣೆಯ ಮಾತು ನಿಜವೋ ಎಂಬುದನ್ನು ತಿಳಿಯಲು, ಅತ್ಯಂತ ದ್ವೇಷಕ್ಕೊಳಗಾದ ವಿರೋಧಿಗೆ ಚುನಾವಣೆಯಲ್ಲಿ ನಿಲ್ಲಲು ಅವಕಾಶ ದೊರೆಯಿತೇ ಎಂದು ಕೇಳಿ. ಸ್ಪೇನಿನಲ್ಲಿ ಆ ಸ್ಥಾನದಲ್ಲಿದ್ದದ್ದು ಕಮ್ಯುನಿಸ್ಟ್ ಪಕ್ಷ. 1977ರ ಜನವರಿ 24ರಂದು ಮ್ಯಾಡ್ರಿಡ್‌ನ ಅಟೋಚಾ ರಸ್ತೆಯಲ್ಲಿದ್ದ ಕಾರ್ಮಿಕ ವಕೀಲರ ಕಚೇರಿಗೆ ಬಲಪಂಥೀಯ ಬಂದೂಕುಧಾರಿಗಳು ನುಗ್ಗಿ ಐವರನ್ನು ಕೊಂದಾಗ, ಪಕ್ಷ ಪ್ರತೀಕಾರಕ್ಕೆ ಇಳಿಯದೆ ಶಿಸ್ತಿನ ಶವಯಾತ್ರೆ ನಡೆಸಿತು. ಏಪ್ರಿಲ್ 9ರಂದು ಸುವಾರೆಸ್ ಅದನ್ನು ಕಾನೂನುಬದ್ಧಗೊಳಿಸಿದರು; ನೌಕಾಪಡೆಯ ಮಂತ್ರಿ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಜೂನ್ 15ರ ಚುನಾವಣೆಯಲ್ಲಿ ಸುವಾರೆಸ್ ಅವರ ಒಕ್ಕೂಟ ಮೊದಲ ಸ್ಥಾನಕ್ಕೆ ಬಂದರೂ ಬಹುಮತ ಪಡೆಯಲಿಲ್ಲ, ಸಮಾಜವಾದಿಗಳು ಎರಡನೆಯವರಾದರು.

ಆರ್ಥಿಕ ಸ್ಥಿತಿಯನ್ನು ಬಿಟ್ಟು ಓದಬೇಡಿ. ಆ ವರ್ಷ ಬೆಲೆಯೇರಿಕೆ ಶೇ. 20ನ್ನು ಮೀರಿತ್ತು. ಅಕ್ಟೋಬರ್ 25ರ ಮೊಂಕ್ಲೋವಾ ಒಪ್ಪಂದದಲ್ಲಿ ಎಡಪಕ್ಷಗಳು ವೇತನದ ಮೇಲಿನ ಮಿತಿಗೆ ಒಪ್ಪಿದವು, ಸರ್ಕಾರ ತೆರಿಗೆ ಸುಧಾರಣೆಯ ಭರವಸೆ ನೀಡಿತು.

ಕ್ಷಮಾದಾನದ ಕಾನೂನನ್ನು ಓದುವಾಗ ಮಾತ್ರ ಅವಸರ ಸಲ್ಲದು. 1977ರ ಅಕ್ಟೋಬರ್ 15ರ ಕಾನೂನನ್ನು ಹಲವರು ರಾಜಕೀಯ ಕೈದಿಗಳ ಬಿಡುಗಡೆಯ ಪತ್ರವೆಂದು ತಿಳಿಯುತ್ತಾರೆ, ಇನ್ನು ಕೆಲವರು ಕೊಲೆಗಡುಕರಿಗೆ ದೊರೆತ ರಕ್ಷಣೆಯೆಂದು ಖಂಡಿಸುತ್ತಾರೆ. ಕಾನೂನಿನ ಕಲಮುಗಳನ್ನೇ ತೆರೆದು ನೋಡಿದರೆ ಎರಡೂ ಅದರಲ್ಲಿವೆ: ಫ್ರಾಂಕೊವಿನ ವಿರೋಧಿಗಳ ಅಪರಾಧಗಳ ಜೊತೆಗೆ, ಜನರ ಹಕ್ಕುಗಳ ವಿರುದ್ಧ ಅಧಿಕಾರಿಗಳೂ ಪೊಲೀಸರೂ ಎಸಗಿದ ಅಪರಾಧಗಳನ್ನೂ ಅದು ಅಳಿಸಿಹಾಕಿತು. ವರ್ಷಗಟ್ಟಲೆ ಸೆರೆಯಲ್ಲಿದ್ದ ಕಾರ್ಮಿಕ ನಾಯಕ ಮಾರ್ಸೆಲಿನೊ ಕಮಾಚೊ ಸಂಸತ್ತಿನಲ್ಲಿ ಅದರ ಪರವಾಗಿಯೇ ಮಾತನಾಡಿದರು. ಅವರನ್ನು ಅನುಮಾನಿಸುವ ಹಕ್ಕು ನಮಗಿಲ್ಲ. ಆದರೂ ಫ್ರಾಂಕೊ ಆಡಳಿತದ ಅಪರಾಧಗಳಿಗೆ ಬಲಿಯಾದವರ ಬಂಧುಗಳಿಗೆ ತಮ್ಮ ದೇಶದ ನ್ಯಾಯಾಲಯದ ಬಾಗಿಲು ಮುಚ್ಚಿದ್ದರಿಂದಲೇ ಅವರು 2010ರಲ್ಲಿ ಅರ್ಜೆಂಟೀನಾದ ನ್ಯಾಯಾಲಯಕ್ಕೆ ಹೋಗಬೇಕಾಯಿತು. ನಿಮ್ಮ ಬರಹದಲ್ಲಿ ಈ ಎರಡೂ ಸಂಗತಿಗಳು ಅಕ್ಕಪಕ್ಕದಲ್ಲಿರಲಿ, ಒಂದರಿಂದ ಇನ್ನೊಂದನ್ನು ಮರೆಮಾಡಬೇಡಿ.

ಸಂವಿಧಾನವನ್ನು 1978ರ ಡಿಸೆಂಬರ್ 6ರಂದು ಜನರು ಒಪ್ಪಿದರು ಎಂದು ಬರೆಯುವಾಗ, ಸ್ವಾಯತ್ತತೆಗಾಗಿ ಒತ್ತಾಯಿಸುತ್ತಿದ್ದ ಉತ್ತರದ ಬಾಸ್ಕ್ ಪ್ರದೇಶದಲ್ಲಿ ಅರ್ಧಕ್ಕೂ ಹೆಚ್ಚು ಮತದಾರರು ಮತಗಟ್ಟೆಗೆ ಹೋಗಲಿಲ್ಲವೆಂಬುದನ್ನೂ ಸೇರಿಸಿ.

ಇಷ್ಟಾದ ಮೇಲೂ ಸೈನ್ಯದ ಪ್ರಶ್ನೆ ಉಳಿಯುತ್ತದೆ. 1981ರ ಫೆಬ್ರುವರಿ 23ರಂದು ಲೆಫ್ಟಿನೆಂಟ್ ಕರ್ನಲ್ ಟೆಹೆರೊ ಶಸ್ತ್ರಧಾರಿಗಳೊಂದಿಗೆ ಸಂಸತ್ತಿಗೆ ನುಗ್ಗಿದರು, ವಲೆನ್ಸಿಯಾದ ಬೀದಿಗಳಿಗೆ ಟ್ಯಾಂಕುಗಳು ಇಳಿದವು. ಮಧ್ಯರಾತ್ರಿ ಕಳೆದ ಮೇಲೆ ದೊರೆ ದೂರದರ್ಶನದಲ್ಲಿ ಸಂವಿಧಾನದ ಪರ ನಿಂತರು, ದಂಗೆ ಕುಸಿಯಿತು. 1982ರ ಅಕ್ಟೋಬರ್‌ನಲ್ಲಿ ಸಮಾಜವಾದಿಗಳು 350ರಲ್ಲಿ 202 ಸ್ಥಾನ ಗೆದ್ದು, ಅವರ ನಾಯಕ ಫೆಲಿಪೆ ಗೊನ್ಸಾಲೆಸ್ ಶಾಂತಿಯುತವಾಗಿ ಅಧಿಕಾರ ವಹಿಸಿಕೊಂಡಾಗ ಪರಿವರ್ತನೆ ಮುಗಿಯಿತೆಂದು ಬಹಳಷ್ಟು ಇತಿಹಾಸಕಾರರು ಗುರುತಿಸುತ್ತಾರೆ. ಈ ದಿನಾಂಕವನ್ನು ನೀವೂ ಬಳಸಬಹುದು; ಆದರೆ ಬಾಕಿ ಉಳಿದ ಕೆಲಸಗಳಿಗೆ ಪ್ರತ್ಯೇಕ ಪಟ್ಟಿಯೊಂದನ್ನು ಇಟ್ಟುಕೊಳ್ಳಿ, ಏಕೆಂದರೆ ಫ್ರಾಂಕೊವನ್ನು ಅಧಿಕಾರಕ್ಕೆ ತಂದ 1936–39ರ ಅಂತರ್ಯುದ್ಧದಲ್ಲಿಯೂ ಆ ಬಳಿಕದ ದಮನದಲ್ಲಿಯೂ ಸಾಮೂಹಿಕ ಗೋರಿಗಳಲ್ಲಿ ಹೂತುಹೋದವರನ್ನು ಹುಡುಕುವುದು ಸರ್ಕಾರದ ಹೊಣೆಯೆಂದು ಕಾನೂನು ಸ್ಪಷ್ಟವಾಗಿ ಹೇಳಿದ್ದು 2022ರಲ್ಲಿ.